ಗೋಬರ್ ಅನಿಲ ಘಟಕದಲ್ಲಿ ಅನಿಲ ಮಾಪಕ: ಅಳವಡಿಕೆ ಮತ್ತು ಬಳಕೆ

ಗೋಬರ್ ಅನಿಲ ನಮ್ಮ ರೈತರಿಗೆ ಹೊಸದಲ್ಲ. ಮನೆಯ ಹಿತ್ತಲಿನಲ್ಲಿರುವ ಎರಡು ಘನ ಮೀಟರ್ ಘಟಕದ ಅನಿಲ ಚೆನ್ನಾಗಿದೆಯೇ ಇಲ್ಲವೇ ಎಂಬುದನ್ನು ಒಲೆಯ ಉರಿಯೇ ಹೇಳುತ್ತದೆ. ನೀಲಿ ಜ್ವಾಲೆ ನಿಂತು ಉರಿದರೆ ಅನಿಲ ಸರಿಯಾಗಿದೆ. ಹಚ್ಚಿದೊಡನೆ ಆರಿ ಹೋಗುತ್ತಿದ್ದರೆ ಇಂಗಾಲದ ಡೈ ಆಕ್ಸೈಡ್ ಹೆಚ್ಚಿರಬಹುದೆಂದು ತಿಳಿಯಬೇಕು. ಅಂಥ ಘಟಕಕ್ಕೆ ಬೆಲೆ ಬಾಳುವ ಮಾಪಕದ ಅಗತ್ಯವಿಲ್ಲ.

ಆದರೆ ಅನಿಲದಿಂದ ಇಂಜಿನ್ ಓಡಿಸುವ, ವಿದ್ಯುತ್ ಪಡೆಯುವ ಅಥವಾ ಅನಿಲವನ್ನು ಶುದ್ಧಿ ಮಾಡಿ ಸಿಲಿಂಡರಿಗೆ ತುಂಬುವ ಘಟಕಗಳ ಮಾತು ಬೇರೆ. ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸಮುದಾಯ ಘಟಕದ ಅನಿಲದಿಂದ ಇಂಜಿನ್ ನಡೆಸಿ, 1987ರಲ್ಲಿ ನೀರೆತ್ತಲು ಮತ್ತು ದೀಪಗಳಿಗೆ ವಿದ್ಯುತ್ ಒದಗಿಸಿದರು. 2018ರಲ್ಲಿ ಕೇಂದ್ರ ಸರ್ಕಾರವು ಗೋಬರ್‌ಧನ್ ಮತ್ತು ಸತತ್ ಯೋಜನೆಗಳನ್ನು ಆರಂಭಿಸಿದ ಮೇಲೆ ಸಗಣಿ, ಸಕ್ಕರೆ ಕಾರ್ಖಾನೆಯ ಮಡ್ಡಿ ಮುಂತಾದವುಗಳಿಂದ ವಾಹನಕ್ಕೆ ಬೇಕಾದ ಅನಿಲ ತಯಾರಿಸುವ ದೊಡ್ಡ ಘಟಕಗಳಿಗೂ ಪ್ರೋತ್ಸಾಹ ದೊರೆತಿದೆ. ಹೀಗೆ ಮಾರುವ ಅನಿಲದಲ್ಲಿ ಕನಿಷ್ಠ ಶೇ. 90 ಮೀಥೇನ್ ಇರಬೇಕೆಂದು 2016ರ ಐಎಸ್ 16087 ಮಾನಕವು ಗೊತ್ತುಪಡಿಸಿತು. ಇಂತಹ ಕಡೆ ಉರಿಯ ಬಣ್ಣ ನೋಡಿ ನಿರ್ಧರಿಸುವುದು ಸಾಲದು. ಅನಿಲ ಮಾಪಕ ಬೇಕೇ ಬೇಕು.

ಹಣವಿದ್ದರೆ ಮಾಪಕ ಕೊಳ್ಳುವುದು ಸುಲಭ. ಗುಂಡಿ ಒತ್ತಿದರೆ ಅಂಕಿಗಳೂ ಕಾಣಿಸುತ್ತವೆ. ಆದರೆ ಆ ಅಂಕಿಗಳು ಘಟಕದೊಳಗಿನ ಅನಿಲದವೇ, ಅಥವಾ ಕೊಳವೆಯಲ್ಲಿ ನಿಂತ ನೀರು, ಸಂದಿನಿಂದ ಒಳನುಗ್ಗಿದ ಗಾಳಿ, ಸವೆದು ಹೋದ ಕೋಶ ಇವುಗಳ ಆಟವೇ ಎಂಬುದನ್ನು ಮೊದಲು ತಿಳಿಯಬೇಕು. ತಪ್ಪು ಅಂಕಿಯನ್ನು ನಂಬಿ ಘಟಕಕ್ಕೆ ಸಗಣಿ ಹಾಕುವುದನ್ನು ನಿಲ್ಲಿಸಿದರೆ ಅನಿಲ ನಷ್ಟ. ತಪ್ಪು ಅಂಕಿಯನ್ನು ನಂಬಿ ಗುಂಡಿಗೆ ಇಳಿದರೆ ಪ್ರಾಣ ನಷ್ಟ. ಆದ್ದರಿಂದ ಮಾಪಕವನ್ನು ಸರಿಯಾಗಿ ಅಳವಡಿಸುವ ಹಾಗೂ ಅದರ ಅಂಕಿಗಳನ್ನು ಪರೀಕ್ಷಿಸಿ ನೋಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಅನಿಲದಲ್ಲಿ ಏನೇನಿದೆ?

ಸಗಣಿಯಿಂದ ಬರುವ ಅನಿಲದಲ್ಲಿ ಸಾಮಾನ್ಯವಾಗಿ ಶೇ. 55 ರಿಂದ 65ರಷ್ಟು ಮೀಥೇನ್, ಶೇ. 35 ರಿಂದ 45ರಷ್ಟು ಇಂಗಾಲದ ಡೈ ಆಕ್ಸೈಡ್ ಇರುತ್ತವೆ. ಉರಿಯುವುದು ಮೀಥೇನ್ ಮಾತ್ರ. ಇವುಗಳ ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಲ್ಪ ಪ್ರಮಾಣದಲ್ಲಿರುತ್ತದೆ. ಇದನ್ನು ದಶಲಕ್ಷಕ್ಕೆ ಇಷ್ಟು ಭಾಗ, ಅಂದರೆ ಪಿಪಿಎಂ ಎಂದು ಅಳೆಯುತ್ತಾರೆ. ಶೇ. 1 ಎಂದರೆ 10,000 ಪಿಪಿಎಂ. ಕಚ್ಚಾ ಅನಿಲದಲ್ಲಿ ಇದು ಕೆಲವು ನೂರರಿಂದ ಕೆಲವು ಸಾವಿರ ಪಿಪಿಎಂ ವರೆಗೂ ಇರಬಹುದು. ಇಂಜಿನ್ನಿನಲ್ಲಿ ಇದು ಉರಿದು ಗಂಧಕದ ಡೈ ಆಕ್ಸೈಡ್ ಆಗುತ್ತದೆ. ಅದು ನೀರಿನ ಅಂಶದೊಡನೆ ಸೇರಿ ಆಮ್ಲವಾಗಿ ಬೇರಿಂಗುಗಳನ್ನು ತಿನ್ನುತ್ತದೆ, ಇಂಜಿನ್ ಎಣ್ಣೆಯನ್ನು ಬೇಗ ಕೆಡಿಸುತ್ತದೆ.

ಸರಿಯಾಗಿ ನಡೆಯುತ್ತಿರುವ ಘಟಕದ ಅನಿಲದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹೀಗಿದ್ದರೂ ಮಾಪಕದಲ್ಲಿ ಆಮ್ಲಜನಕದ ಕೋಶ ಇರಲೇಬೇಕು. ಏಕೆಂದರೆ ಸೋರಿಕೆಯನ್ನು ತೋರಿಸಿಕೊಡುವುದು ಅದೇ.

ಮಾಪಕ ಕೆಲಸ ಮಾಡುವ ಬಗೆ

ಮಾಪಕದೊಳಗಿನ ಸಣ್ಣ ಪಂಪು ಅನಿಲವನ್ನು ಎಳೆದು ಒಂದು ಕೋಣೆಯ ಮೂಲಕ ಹಾಯಿಸುತ್ತದೆ. ಆ ಕೋಣೆಯ ಒಂದು ತುದಿಯಿಂದ ಅತಿಗೆಂಪು ಕಿರಣವನ್ನು ಬಿಡಲಾಗುತ್ತದೆ. ಮೀಥೇನ್ ಮತ್ತು ಇಂಗಾಲದ ಡೈ ಆಕ್ಸೈಡ್ ಒಂದೊಂದೂ ತನಗೆ ಹೊಂದುವ ಕಿರಣವನ್ನು ಮಾತ್ರ ಹೀರಿಕೊಳ್ಳುತ್ತವೆ. ಎಷ್ಟು ಹೀರಲ್ಪಟ್ಟಿತು ಎಂಬುದರಿಂದ ಅವುಗಳ ಪ್ರಮಾಣ ತಿಳಿಯುತ್ತದೆ. ಆಮ್ಲಜನಕ ಮತ್ತು ಹೈಡ್ರೋಜನ್ ಸಲ್ಫೈಡ್‌ಗಳನ್ನು ಅಳೆಯಲು ಬ್ಯಾಟರಿಯಂತಹ ಎರಡು ರಾಸಾಯನಿಕ ಕೋಶಗಳಿರುತ್ತವೆ. ಬ್ಯಾಟರಿಯಂತೆಯೇ ಇವೂ ಸವೆಯುತ್ತವೆ. ತಯಾರಕರು ಸೂಚಿಸಿದ ಅವಧಿ ಮುಗಿದ ಕೂಡಲೇ ಇವನ್ನು ಬದಲಾಯಿಸಬೇಕು.

ಸ್ಥಳದ ಆಯ್ಕೆ

ಮಾಪಕದ ಪೆಟ್ಟಿಗೆಯನ್ನು ಇಂಜಿನ್ ಕೋಣೆಯಲ್ಲಾಗಲಿ, ಸುತ್ತಲೂ ಮುಚ್ಚಿದ ಕೊಠಡಿಯಲ್ಲಾಗಲಿ ಇಡಬಾರದು. ಬಿಸಿಲು ಮಳೆ ತಾಗದ, ಗಾಳಿಯಾಡುವ, ಅದುರುವಿಕೆ ಇಲ್ಲದ ಚಾವಣಿಯ ಕೆಳಗೆ ಗೋಡೆಗೆ ಕಟ್ಟಬೇಕು. ಭೂಸಂಪರ್ಕ ಕಡ್ಡಾಯ. ಹಳ್ಳಿಯ ವಿದ್ಯುತ್ತು ಏರಿಳಿಯುವುದರಿಂದ ಸ್ಟೆಬಿಲೈಸರ್ ಹಾಕುವುದು ಒಳ್ಳೆಯದು.

ಮಾಪಕದಿಂದ ಹೊರಬರುವ ಅನಿಲವನ್ನು ಕೊಳವೆಯ ಮೂಲಕ ಚಾವಣಿಯ ಮೇಲಕ್ಕೆ ಬಿಡಬೇಕು. ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. ನಿಮಿಷಕ್ಕೆ ಒಂದು ಲೀಟರ್ ಅನಿಲ ಎಳೆಯುವ ಮಾಪಕವು 200 ಲೀಟರ್ ಗಾತ್ರದ ಮುಚ್ಚಿದ ಪೆಟ್ಟಿಗೆಯೊಳಗೇ ಅದನ್ನು ಬಿಟ್ಟರೆ, 20 ನಿಮಿಷದೊಳಗೆ ಅಲ್ಲಿ ಮೀಥೇನ್ ಶೇ. 5ಕ್ಕೆ ಏರುತ್ತದೆ. ಗಾಳಿಯಲ್ಲಿ ಮೀಥೇನ್ ಶೇ. 5 ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ತಗುಲಿದರೂ ಸಿಡಿಯುತ್ತದೆ. ಅನಿಲ ಒಳಬರುವ ಹಾಗೂ ಹೊರಹೋಗುವ ಎರಡೂ ಕೊಳವೆಗಳಿಗೆ ಜ್ವಾಲೆ ತಡೆಯುವ ಜಾಲರಿ ಹಾಕಿಸಬೇಕು.

ಮಾದರಿ ಕೊಳವೆ

ಮುಖ್ಯ ಕೊಳವೆಯಿಂದ ಮಾಪಕಕ್ಕೆ ಅನಿಲ ತರುವ ಸಣ್ಣ ಕೊಳವೆಗೆ ಮಾದರಿ ಕೊಳವೆ ಎನ್ನೋಣ. ಅಂಕಿ ತಪ್ಪಾಗಲು ಹೆಚ್ಚಿನ ಕಾರಣಗಳು ಇದರಲ್ಲೇ ಇರುತ್ತವೆ. ಇದನ್ನು ಹಾಕುವಾಗ ಕೆಳಕಂಡ ಅಂಶಗಳನ್ನು ಪಾಲಿಸಬೇಕು.

1. ಮುಖ್ಯ ಕೊಳವೆಯ ಮೇಲ್ಭಾಗದಿಂದ ಅನಿಲ ತೆಗೆಯಬೇಕು. ತಳಭಾಗದಿಂದ ತೆಗೆದರೆ ನೀರು ಮತ್ತು ಕೆಸರು ಬರುತ್ತವೆ. ಮಾದರಿ ಎಳೆಯುವ ಮೂತಿಯು ಕೊಳವೆಯ ನಡುಭಾಗ ತಲುಪುವಂತಿರಬೇಕು. ಅಲ್ಲಿಯೇ ಒಂದು ತಿರುಪು ಇರಬೇಕು.

2. ತುಕ್ಕು ಹಿಡಿಯದ ಉಕ್ಕು ಅಥವಾ ಟೆಫ್ಲಾನ್ ಕೊಳವೆ ಸೂಕ್ತ. ತಾಮ್ರವನ್ನು ಹೈಡ್ರೋಜನ್ ಸಲ್ಫೈಡ್ ಕಪ್ಪಾಗಿಸಿ ತಿನ್ನುತ್ತದೆ. ರಬ್ಬರ್ ಕೊಳವೆ ಈ ಅನಿಲವನ್ನು ಸ್ವಲ್ಪಮಟ್ಟಿಗೆ ಹೀರಿಕೊಳ್ಳುವುದರಿಂದ ಅಂಕಿ ಕಡಿಮೆ ಬರುತ್ತದೆ.

3. ಕೊಳವೆ ಆದಷ್ಟು ಗಿಡ್ಡವಿರಲಿ. ಒಳವ್ಯಾಸ 4 ಮಿ.ಮೀ. ಇರುವ 10 ಮೀಟರ್ ಕೊಳವೆಯಲ್ಲಿ ಸುಮಾರು 125 ಮಿ.ಲೀ. ಅನಿಲ ಹಿಡಿಸುತ್ತದೆ. ಪಂಪು ನಿಮಿಷಕ್ಕೆ ಅರ್ಧ ಲೀಟರ್ ಎಳೆದರೆ ಹೊಸ ಅನಿಲ ಮಾಪಕ ಮುಟ್ಟಲು 15 ಸೆಕೆಂಡು ಬೇಕು. ದಪ್ಪ ಕೊಳವೆ, ದೊಡ್ಡ ಸೀಸೆ ಹಾಕಿದಷ್ಟೂ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ.

4. ಗಂಧಕ ತೆಗೆಯಲು ಕಬ್ಬಿಣದ ಚೂರಿನ ಪೆಟ್ಟಿಗೆ ಇದ್ದರೆ ಅದಕ್ಕೆ ಮುಂಚೆ ಒಂದು, ಅದರ ನಂತರ ಒಂದು, ಹೀಗೆ ಎರಡು ಕಡೆ ಮಾದರಿ ತೆಗೆಯುವ ಏರ್ಪಾಡು ಮಾಡಬೇಕು. ಒಂದು ಬಾರಿಗೆ ಒಂದೇ ತಿರುಪನ್ನು ತೆರೆಯಬೇಕು.

ನೀರನ್ನು ತಡೆಯುವುದು

ಘಟಕದಿಂದ ಬರುವ ಅನಿಲ ಪೂರ್ತಿ ತೇವದಿಂದ ಕೂಡಿರುತ್ತದೆ. 35 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಒಂದು ಘನ ಮೀಟರ್ ಅನಿಲವು ಬೆಳಗಿನ ಚಳಿಯಲ್ಲಿ 20 ಡಿಗ್ರಿಗೆ ತಣಿದರೆ ಅದರಿಂದ ಸುಮಾರು 22 ಗ್ರಾಂ ನೀರು ಹನಿಗಟ್ಟುತ್ತದೆ. ಈ ನೀರು ಅತಿಗೆಂಪು ಕಿರಣದ ಗಾಜಿನ ಮೇಲೆ ಕುಳಿತರೆ ಅಂಕಿ ಕೆಡುತ್ತದೆ. ಕೋಶಗಳಿಗೆ ತಗುಲಿದರೆ ಅವು ಹಾಳಾಗುತ್ತವೆ.

ಆದ್ದರಿಂದ ಮಾದರಿ ಕೊಳವೆಯು ಮುಖ್ಯ ಕೊಳವೆಯಿಂದ ಮಾಪಕದ ಕಡೆಗೆ ಒಂದೇ ಸಮನೆ ಏರುತ್ತಾ ಹೋಗಬೇಕು. ಆಗ ಹನಿಗಟ್ಟಿದ ನೀರು ಹಿಂದಕ್ಕೆ ಹರಿದು ಮುಖ್ಯ ಕೊಳವೆಗೇ ಸೇರುತ್ತದೆ. ನಡುವೆ ಎಲ್ಲಿಯೂ ತೊಟ್ಟಿಲಿನಂತೆ ಜೋತು ಬೀಳಬಾರದು. ಇಳಿಜಾರು ಅನಿವಾರ್ಯವಾದರೆ ತೀರ ತಗ್ಗಿನ ಜಾಗದಲ್ಲಿ ನೀರು ಶೇಖರಿಸುವ ಸೀಸೆ ಇಡಬೇಕು. ಮಾಪಕದ ಬಾಯಿಗೆ ಬರುವ ಮುನ್ನ ಇನ್ನೊಂದು ಸಣ್ಣ ಪಾರದರ್ಶಕ ಸೀಸೆ, ಅದರ ನಂತರ ಧೂಳು ಮತ್ತು ತೇವ ತಡೆಯುವ ಶೋಧಕ ಇರಬೇಕು. ಸೀಸೆಯ ನೀರನ್ನು ಪ್ರತಿದಿನ ತೆಗೆಯಬೇಕು. ಪಂಪು ನಡೆಯುತ್ತಿರುವಾಗ ಸೀಸೆ ಬಿಚ್ಚಬಾರದು, ಅದರಿಂದ ಗಾಳಿ ಒಳನುಗ್ಗುತ್ತದೆ.

ಸೋರಿಕೆಯ ಪರೀಕ್ಷೆ

ಮುಖ್ಯ ಕೊಳವೆಯ ಸೋರಿಕೆ ಕಂಡುಹಿಡಿಯಲು ಸೋಪಿನ ನೊರೆ ಹಚ್ಚುವುದು ರೂಢಿ. ಅಲ್ಲಿ ಅನಿಲ ಒಳಗಿನಿಂದ ಹೊರಕ್ಕೆ ಒತ್ತುವುದರಿಂದ ಗುಳ್ಳೆ ಏಳುತ್ತದೆ. ಆದರೆ ಮಾದರಿ ಕೊಳವೆಯಲ್ಲಿ ಪಂಪು ಎಳೆಯುತ್ತಿರುತ್ತದೆ. ಸಂದು ಇದ್ದರೆ ಹೊರಗಿನ ಗಾಳಿ ಒಳಕ್ಕೆ ಹೋಗುತ್ತದೆಯೇ ಹೊರತು ಗುಳ್ಳೆ ಏಳುವುದಿಲ್ಲ. ಸೋಪಿನ ಪರೀಕ್ಷೆ ಇಲ್ಲಿ ಮೋಸ ಮಾಡುತ್ತದೆ.

ಇದಕ್ಕೆ ಬೇರೆ ಕ್ರಮವಿದೆ. ಮುಖ್ಯ ಕೊಳವೆಯ ಬಳಿಯ ತಿರುಪನ್ನು ಮುಚ್ಚಿ ಪಂಪು ಚಾಲೂ ಮಾಡಬೇಕು. ಎಲ್ಲ ಜೋಡಣೆಗಳೂ ಬಿಗಿಯಾಗಿದ್ದರೆ ಹರಿವು ತೋರಿಸುವ ಗೋಲಿ ಕೆಲವೇ ಕ್ಷಣಗಳಲ್ಲಿ ಸೊನ್ನೆಗೆ ಇಳಿಯುತ್ತದೆ. ಇಳಿಯದಿದ್ದರೆ ಎಲ್ಲಿಂದಲೋ ಗಾಳಿ ಬರುತ್ತಿದೆ ಎಂದರ್ಥ. ಆಗ ಮಾಪಕದ ಕಡೆಯಿಂದ ಆರಂಭಿಸಿ ಒಂದೊಂದೇ ಜೋಡಣೆಯನ್ನು ಕಳಚಿ, ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿ ನೋಡುತ್ತಾ ಬಂದರೆ ಸೋರುವ ಜಾಗ ಸಿಗುತ್ತದೆ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ವಾರಕ್ಕೊಮ್ಮೆ ತಪ್ಪದೆ ಮಾಡಬೇಕು. ಪಂಪಿಗೆ ಶ್ರಮವಾಗದಂತೆ ಹೆಚ್ಚು ಹೊತ್ತು ಮುಚ್ಚಿ ಹಿಡಿಯಬಾರದು.

ಅಳತೆ ಹೊಂದಿಸುವುದು

ತೂಕದ ಕಲ್ಲು ಇಲ್ಲದೆ ತಕ್ಕಡಿಯನ್ನು ನಂಬುವುದು ಹೇಗೆ? ಮಾಪಕಕ್ಕೂ ತೂಕದ ಕಲ್ಲು ಬೇಕು. ಪ್ರಮಾಣ ಗೊತ್ತಿರುವ ಅನಿಲದ ಸಿಲಿಂಡರೇ ಆ ಕಲ್ಲು.

ಮಾಪಕವನ್ನು ಚಾಲೂ ಮಾಡಿ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 15 ರಿಂದ 30 ನಿಮಿಷ, ಬಿಸಿಯಾಗಲು ಬಿಡಬೇಕು. ಮೊದಲು ಶುದ್ಧ ಗಾಳಿ ಕೊಟ್ಟು ಸೊನ್ನೆ ಹೊಂದಿಸಬೇಕು. ಆಗ ಮೀಥೇನ್ 0, ಹೈಡ್ರೋಜನ್ ಸಲ್ಫೈಡ್ 0, ಆಮ್ಲಜನಕ ಶೇ. 20.9 ತೋರಬೇಕು. ಈ ಗಾಳಿಯನ್ನು ಸಗಣಿ ಗುಂಡಿಯ ಬಳಿಯಿಂದ ತೆಗೆಯದೆ, ಗಾಳಿ ಬೀಸಿ ಬರುವ ದಿಕ್ಕಿನ ಬಯಲಿನಿಂದ ತೆಗೆಯಬೇಕು.

ಅನಂತರ ಪ್ರಮಾಣ ಪತ್ರವಿರುವ ಅನಿಲ, ಉದಾಹರಣೆಗೆ ಶೇ. 60 ಮೀಥೇನ್, ಶೇ. 40 ಇಂಗಾಲದ ಡೈ ಆಕ್ಸೈಡ್ ಇರುವುದನ್ನು ಹಾಯಿಸಿ, ಅಂಕಿ ನಿಂತ ಮೇಲೆ ಹೊಂದಿಸಬೇಕು. ಸಿಲಿಂಡರಿನ ಒತ್ತಡವನ್ನು ನೇರವಾಗಿ ಮಾಪಕಕ್ಕೆ ಕೊಡಬಾರದು. ನಡುವೆ ಕವಲು ಕೊಳವೆ ಇಟ್ಟು ಹೆಚ್ಚಾದ ಅನಿಲ ಹೊರಹೋಗುವಂತೆ ಮಾಡಬೇಕು. ಹೈಡ್ರೋಜನ್ ಸಲ್ಫೈಡ್‌ಗೆ ಬೇರೆ ಸಿಲಿಂಡರ್ ಬೇಕು. ಅದು ಕಾಲ ಕಳೆದಂತೆ ಸತ್ವ ಕಳೆದುಕೊಳ್ಳುವುದರಿಂದ ಮೇಲೆ ಬರೆದ ಕೊನೆಯ ತಾರೀಖನ್ನು ನೋಡಿಯೇ ಬಳಸಬೇಕು.

ಇಲ್ಲೊಂದು ಎಚ್ಚರಿಕೆ. ಅತಿಗೆಂಪು ಮಾಪಕವು ಕೋಣೆಯೊಳಗೆ ಅನಿಲ ಎಷ್ಟು ದಟ್ಟವಾಗಿದೆ ಎಂಬುದನ್ನು ನೋಡುತ್ತದೆ. ಸಮುದ್ರದಂಡೆಯ ಮಂಗಳೂರಿಗಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಸುಮಾರು ಹತ್ತನೆಯ ಒಂದು ಭಾಗ ಕಡಿಮೆ. ಒತ್ತಡಕ್ಕೆ ತಕ್ಕಂತೆ ತಾನೇ ಸರಿಪಡಿಸಿಕೊಳ್ಳುವ ಏರ್ಪಾಡಿಲ್ಲದ ಮಾಪಕವನ್ನು ಮಂಗಳೂರಿನಲ್ಲಿ ಹೊಂದಿಸಿ ಬೆಂಗಳೂರಿಗೆ ತಂದರೆ ಶೇ. 60 ಇರುವ ಮೀಥೇನನ್ನು 54ರ ಸುಮಾರಿಗೆ ತೋರಿಸಬಹುದು. ಕಾರ್ಖಾನೆಯಲ್ಲಿ ಹೊಂದಿಸಿ ಕಳುಹಿಸಿದ್ದಾರೆ ಎಂದು ಸುಮ್ಮನಿರದೆ, ನಮ್ಮ ಸ್ಥಳದಲ್ಲಿಯೇ ಮತ್ತೆ ಹೊಂದಿಸಬೇಕು.

ದಿನನಿತ್ಯದ ಬಳಕೆ

ಹೈಡ್ರೋಜನ್ ಸಲ್ಫೈಡ್ ಕೋಶಕ್ಕೆ ಸದಾ ಕಟುವಾದ ಅನಿಲ ತಾಗುತ್ತಿದ್ದರೆ ಅದು ಬೇಗ ದಣಿಯುತ್ತದೆ. ಆದುದರಿಂದ ಕೆಲವು ನಿಮಿಷ ಅಳೆದು, ಅಂಕಿ ಬರೆದುಕೊಂಡು, ಶುದ್ಧ ಗಾಳಿ ಹಾಯಿಸಿ ತೊಳೆಯುವುದು ಉತ್ತಮ. ದಿನಕ್ಕೆ ಎರಡು ಬಾರಿ, ನಿಗದಿತ ಸಮಯದಲ್ಲಿ ಅಳೆದರೆ ಮಧ್ಯಮ ಗಾತ್ರದ ಘಟಕಕ್ಕೆ ಸಾಕು.

ಒಂದು ಪುಸ್ತಕವಿಟ್ಟು ತಾರೀಖು, ಸಮಯ, ಹಾಕಿದ ಸಗಣಿ ಮತ್ತು ನೀರಿನ ಪ್ರಮಾಣ, ನಾಲ್ಕು ಅನಿಲಗಳ ಅಂಕಿ, ಅಳೆದವರ ಸಹಿ ಇವನ್ನು ಬರೆಯಬೇಕು. ಒಂದು ದಿನದ ಅಂಕಿಗಿಂತ ಹದಿನೈದು ದಿನದ ಅಂಕಿಗಳ ಏರಿಳಿತವೇ ಹೆಚ್ಚು ತಿಳಿಸುತ್ತದೆ.

ಅಂಕಿಗಳನ್ನು ತಾಳೆ ನೋಡುವ ಬಗೆ

ಗಾಳಿಯ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಆಮ್ಲಜನಕ. ಆದ್ದರಿಂದ ಆಮ್ಲಜನಕದ ಅಂಕಿಯನ್ನು 4.8ರಿಂದ ಗುಣಿಸಿದರೆ ಮಾದರಿಯಲ್ಲಿ ಎಷ್ಟು ಗಾಳಿ ಬೆರೆತಿದೆ ಎಂಬುದು ತಿಳಿಯುತ್ತದೆ. ಮೀಥೇನ್, ಇಂಗಾಲದ ಡೈ ಆಕ್ಸೈಡ್ ಮತ್ತು ಈ ಗಾಳಿ ಮೂರನ್ನೂ ಕೂಡಿದರೆ ಮೊತ್ತ 100ರ ಹತ್ತಿರ ಬರಬೇಕು.

ಮೊದಲನೆಯ ಉದಾಹರಣೆ: ಮೀಥೇನ್ 54, ಇಂಗಾಲದ ಡೈ ಆಕ್ಸೈಡ್ 36, ಆಮ್ಲಜನಕ 2. ಮೀಥೇನ್ ಇಳಿದಿದೆ ಎಂದು ಗಾಬರಿಯಾಗುವ ಮುನ್ನ ಲೆಕ್ಕ ಮಾಡೋಣ. 2ನ್ನು 4.8ರಿಂದ ಗುಣಿಸಿದರೆ 9.6. ಒಟ್ಟು 99.6. ಎಂದರೆ ಮಾದರಿಯಲ್ಲಿ ಹತ್ತನೆಯ ಒಂದು ಭಾಗದಷ್ಟು ಬರೀ ಗಾಳಿ. ಅದನ್ನು ಬಿಟ್ಟು ನೋಡಿದರೆ ಮೀಥೇನ್ ಶೇ. 60, ಇಂಗಾಲದ ಡೈ ಆಕ್ಸೈಡ್ ಶೇ. 40. ಘಟಕ ಆರೋಗ್ಯವಾಗಿದೆ. ಮೊದಲು ಮಾದರಿ ಕೊಳವೆಯ ಸಂದುಗಳನ್ನು ಪರೀಕ್ಷಿಸಬೇಕು. ಅಲ್ಲಿ ಸೋರಿಕೆ ಇಲ್ಲದಿದ್ದರೆ ಮುಖ್ಯ ಕೊಳವೆಯಲ್ಲಿಯೇ ಗಾಳಿ ಸೇರುತ್ತಿದೆ. ಇದು ಅಪಾಯಕರ, ಇಂಜಿನ್ ನಿಲ್ಲಿಸಿ ಹುಡುಕಬೇಕು.

ಎರಡನೆಯ ಉದಾಹರಣೆ: ಮೀಥೇನ್ 48, ಇಂಗಾಲದ ಡೈ ಆಕ್ಸೈಡ್ 51, ಆಮ್ಲಜನಕ 0. ಮೊತ್ತ 99. ಮಾಪಕ ಸರಿಯಾಗಿದೆ, ಘಟಕ ಕೆಟ್ಟಿದೆ. ಬಗ್ಗಡ ಹುಳಿಯಾಗುತ್ತಿರುವ ಲಕ್ಷಣವಿದು. ರಸಸಾರ ನೋಡಬೇಕು. ಅದು 6.8ಕ್ಕಿಂತ ಕೆಳಗಿದ್ದರೆ ಕೆಲವು ದಿನ ಸಗಣಿ ಹಾಕುವುದನ್ನು ಕಡಿಮೆ ಮಾಡಿ ಅಥವಾ ನಿಲ್ಲಿಸಿ, ಚೇತರಿಸಿಕೊಂಡ ಮೇಲೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಕೊಟ್ಟಿಗೆ ತೊಳೆದ ಫಿನೈಲ್ ನೀರಾಗಲಿ, ಔಷಧಿ ಕೊಟ್ಟ ದನಗಳ ಸಗಣಿಯಾಗಲಿ ಸೇರಿತೇ ಎಂಬುದನ್ನು ವಿಚಾರಿಸಬೇಕು.

ಮೂರನೆಯ ಉದಾಹರಣೆ: ಮೀಥೇನ್ 52, ಇಂಗಾಲದ ಡೈ ಆಕ್ಸೈಡ್ 34, ಆಮ್ಲಜನಕ 0. ಮೊತ್ತ 86 ಮಾತ್ರ. ಹೊಸದಾಗಿ ತುಂಬಿದ ಅಥವಾ ದುರಸ್ತಿಗೆ ತೆರೆದ ಘಟಕವಾದರೆ ಒಳಸೇರಿದ ಗಾಳಿಯ ಆಮ್ಲಜನಕವನ್ನು ಜೀವಾಣುಗಳು ಬಳಸಿಕೊಂಡು ಸಾರಜನಕ ಮಾತ್ರ ಉಳಿದಿರಬಹುದು. ಕೆಲವು ದಿನ ಕಾಯಬೇಕು. ಹಳೆಯ ಘಟಕವಾದರೆ ಮಾಪಕದ ಮೇಲೆ ಅನುಮಾನಪಡಬೇಕು. ನೀರು ಸೇರಿದೆಯೇ, ಆಮ್ಲಜನಕದ ಕೋಶ ಸತ್ತಿದೆಯೇ ಎಂದು ನೋಡಿ ಅಳತೆಯನ್ನು ಮತ್ತೆ ಹೊಂದಿಸಬೇಕು. ಶುದ್ಧ ಗಾಳಿಯಲ್ಲಿಯೂ ಆಮ್ಲಜನಕ 20.9 ತೋರದಿದ್ದರೆ ಕೋಶದ ಆಯುಸ್ಸು ಮುಗಿದಿದೆ.

ಕಬ್ಬಿಣದ ಚೂರಿನ ಪೆಟ್ಟಿಗೆಯ ನಂತರದ ಹೈಡ್ರೋಜನ್ ಸಲ್ಫೈಡ್ ದಿನೇ ದಿನೇ ಏರುತ್ತಿದ್ದರೆ ಚೂರನ್ನು ಬದಲಾಯಿಸುವ ಕಾಲ ಬಂದಿದೆ. ತೆಗೆದ ಹಳೆಯ ಚೂರು ಗಾಳಿ ತಾಗಿದೊಡನೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಿ, ಹುಲ್ಲಿನ ಬಣವೆಯಿಂದ ದೂರ ತೆಳುವಾಗಿ ಹರಡಬೇಕು.

ಸಿರಿಂಜಿನ ಪರೀಕ್ಷೆ

ಮಾಪಕದ ಮೇಲೆ ಸಂಶಯ ಬಂದಾಗ ವಿಸ್ತರಣಾ ಕಾರ್ಯಕರ್ತರು ಮಾಡಿ ತೋರಿಸಬಹುದಾದ ಅಗ್ಗದ ವಿಧಾನವೊಂದಿದೆ. 60 ಮಿ.ಲೀ. ಸಿರಿಂಜಿನಲ್ಲಿ ಎರಡು ಮೂರು ಬಾರಿ ಅನಿಲ ಎಳೆದು ಬಿಟ್ಟು, ಕೊನೆಗೆ 40 ಮಿ.ಲೀ. ಅನಿಲ ತೆಗೆದುಕೊಳ್ಳಬೇಕು. ಅನಿಲ ಹೊರಹೋಗದಂತೆ ಶೇ. 10ರ ಕಾಸ್ಟಿಕ್ ಸೋಡ ದ್ರಾವಣವನ್ನು 10 ಮಿ.ಲೀ. ಎಳೆದು, ಬಾಯಿ ಮುಚ್ಚಿ ಅರ್ಧ ನಿಮಿಷ ಕುಲುಕಬೇಕು. ಇಂಗಾಲದ ಡೈ ಆಕ್ಸೈಡ್ ದ್ರಾವಣದಲ್ಲಿ ಕರಗಿ ಸಿರಿಂಜಿನ ದಂಡ ಒಳಕ್ಕೆ ಸರಿಯುತ್ತದೆ. ದ್ರಾವಣದ 10 ಮಿ.ಲೀ. ಕಳೆದು ಉಳಿದ ಅನಿಲ 24 ಮಿ.ಲೀ. ಇದ್ದರೆ, ಮೀಥೇನ್ ಸುಮಾರು ಶೇ. 60. ಗಾಳಿ ಬೆರೆತಿದ್ದರೆ ಅದೂ ಈ ಲೆಕ್ಕದಲ್ಲಿ ಸೇರುತ್ತದೆ ಎಂಬುದನ್ನು ಮರೆಯಬಾರದು. ಕಾಸ್ಟಿಕ್ ಸೋಡ ಕಣ್ಣು, ಚರ್ಮಗಳನ್ನು ಸುಡುತ್ತದೆ. ಕನ್ನಡಕ ಮತ್ತು ಕೈಚೀಲ ಧರಿಸಿಯೇ ಮಾಡಬೇಕು.

ಗುಂಡಿಗೆ ಇಳಿಯುವ ಮುನ್ನ

ಕೊಳವೆಗೆ ಜೋಡಿಸಿದ ಮಾಪಕವು ಕೊಳವೆಯೊಳಗಿನ ಅನಿಲದ ವಿಷಯ ಹೇಳುತ್ತದೆಯೇ ಹೊರತು ಬಗ್ಗಡದ ಗುಂಡಿಯಲ್ಲಿ ಉಸಿರಾಡಬಹುದೇ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಅಂಗಿಗೆ ಸಿಕ್ಕಿಸಿಕೊಳ್ಳುವ ಎಚ್ಚರಿಕೆ ಮಾಪಕವೇ ಬೇರೆ.

ಈ ಎರಡರ ಅಂಕಿಗಳನ್ನು ಬೆರೆಸಬಾರದು. ಕೊಳವೆಯ ಮಾಪಕದಲ್ಲಿ ಮೀಥೇನ್ 10 ಎಂದರೆ ಶೇ. 10. ಅಂಗಿಯ ಮಾಪಕದಲ್ಲಿ 10 ಎಂದರೆ ಸಿಡಿಯುವ ಕನಿಷ್ಠ ಮಟ್ಟದ ಶೇ. 10, ಅಂದರೆ ಗಾಳಿಯಲ್ಲಿ ಶೇ. 0.5 ಮೀಥೇನ್. ಅಂಗಿಯ ಮಾಪಕ 100 ತೋರಿದರೆ ಗಾಳಿ ಸಿಡಿಯಲು ಸಿದ್ಧವಾಗಿದೆ ಎಂದರ್ಥ.

ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇದ್ದರೆ, ಅಂಗಿಯ ಮಾಪಕದಲ್ಲಿ ಮೀಥೇನ್ 10 ಮುಟ್ಟಿದರೆ, ಅಥವಾ ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಮುಟ್ಟಿದರೆ ಯಾರೂ ಇಳಿಯಬಾರದು. ಅಳೆಯುವಾಗ ಮಾಪಕದ ಕೊಳವೆಯನ್ನು ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಇಳಿಬಿಟ್ಟು ನೋಡಬೇಕು. ಬಗ್ಗಡ ಕದಡಿದೊಡನೆ ಅಡಗಿದ್ದ ವಿಷಾನಿಲ ಒಮ್ಮೆಲೇ ಏಳುವುದರಿಂದ ಮೊದಲು ನೋಡಿದ ಅಂಕಿ ಆಮೇಲೆ ಉಪಯೋಗಕ್ಕೆ ಬಾರದು.

ವಾಸನೆ ಬಾರದಿದ್ದರೆ ಅಪಾಯವಿಲ್ಲ ಎಂದು ಹಲವರು ನಂಬುತ್ತಾರೆ. ಇದು ತಪ್ಪು. ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ ದಾಟಿದರೆ ಮೂಗಿನ ಶಕ್ತಿಯೇ ಕುಂದಿ ವಾಸನೆ ತಿಳಿಯುವುದಿಲ್ಲ. 1,000 ಪಿಪಿಎಂ ಹತ್ತಿರ ಬಂದರೆ ಕೆಲವೇ ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಹಾಳು ಬಾವಿಗೆ ಇಳಿಯುವ ಮುನ್ನ ಉರಿಯುವ ಲಾಟೀನು ಇಳಿಬಿಟ್ಟು ನೋಡುವ ಹಳೆಯ ರೂಢಿಯನ್ನು ಗೋಬರ್ ಅನಿಲದ ಗುಂಡಿಯಲ್ಲಿ ಎಂದಿಗೂ ಮಾಡಕೂಡದು. ಅಲ್ಲಿ ಲಾಟೀನು ಆರುವುದರ ಬದಲು ಗುಂಡಿಯೇ ಸಿಡಿಯಬಹುದು.

ಒಬ್ಬರು ಒಳಗೆ ಬಿದ್ದರೆ ಅವರನ್ನು ಎತ್ತಲು ಅಣ್ಣ, ತಮ್ಮ, ನೆರೆಯವ ಒಬ್ಬರ ಹಿಂದೊಬ್ಬರು ಇಳಿದು ಎಲ್ಲರೂ ಪ್ರಾಣ ಬಿಡುವುದು ಇಂಥ ಅಪಘಾತಗಳಲ್ಲಿ ಮತ್ತೆ ಮತ್ತೆ ಕಾಣುವ ದುರಂತ. ಇಳಿಯುವವರಿಗೆ ಮೊದಲೇ ಸೊಂಟಪಟ್ಟಿ, ಹಗ್ಗ ಕಟ್ಟಿರಬೇಕು, ಮೇಲೆ ಇಬ್ಬರು ನಿಂತಿರಬೇಕು, ಹಗ್ಗದಿಂದಲೇ ಎಳೆಯಬೇಕು. ಉಸಿರಾಟದ ಸಿಲಿಂಡರ್ ಇಲ್ಲದೆ ಯಾರೂ ಹಿಂದೆ ಇಳಿಯಬಾರದು. ಕೂಡಲೇ ಅಗ್ನಿಶಾಮಕ ದಳಕ್ಕೆ ತಿಳಿಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

* ಪ್ರತಿದಿನ: ಸೀಸೆಯ ನೀರು ತೆಗೆಯಿರಿ. ಗಾಳಿಯಲ್ಲಿ ಆಮ್ಲಜನಕ 20.9 ತೋರುವುದೇ ನೋಡಿ. ಅಂಕಿಗಳನ್ನು ಕೂಡಿ 100ಕ್ಕೆ ತಾಳೆ ನೋಡಿ ಬರೆಯಿರಿ.
* ವಾರಕ್ಕೊಮ್ಮೆ: ತಿರುಪು ಮುಚ್ಚಿ ಸೋರಿಕೆ ಪರೀಕ್ಷಿಸಿ. ಶೋಧಕ ಒದ್ದೆಯಾಗಿದ್ದರೆ ಅಥವಾ ಬಣ್ಣಗೆಟ್ಟಿದ್ದರೆ ಬದಲಾಯಿಸಿ.
* ತಿಂಗಳಿಗೊಮ್ಮೆ: ಪ್ರಮಾಣಿತ ಅನಿಲದಿಂದ ಅಳತೆ ಪರಿಶೀಲಿಸಿ. ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿ.
* ಮೀಥೇನ್ ಇಳಿದಂತೆ ಕಂಡಾಗ ಮೊದಲು ಆಮ್ಲಜನಕದ ಅಂಕಿ ನೋಡಿ. ಆಮೇಲೆ ಘಟಕಕ್ಕೆ ಕೈ ಹಾಕಿ.
* ಅಂಗಿಯ ಮಾಪಕವಿಲ್ಲದೆ ಗುಂಡಿಯ ಅಂಚಿನಲ್ಲಿ ಬಾಗಲೂ ಬೇಡಿ.

ಹೊಸದಾಗಿ ಮಾಪಕ ಕೊಳ್ಳುವ ಹಾಲು ಉತ್ಪಾದಕರ ಸಂಘಗಳು ಮತ್ತು ಗೋಶಾಲೆಗಳು ಬೆಲೆಯನ್ನು ವಿಚಾರಿಸುವಾಗಲೇ ಪ್ರಮಾಣಿತ ಅನಿಲದ ಸಿಲಿಂಡರ್, ಬದಲಿ ಕೋಶಗಳು ಮತ್ತು ವರ್ಷದ ನಿರ್ವಹಣೆಯ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಘಟಕದಲ್ಲಿ ಕೆಲಸ ಮಾಡುವವರಲ್ಲಿ ಕನಿಷ್ಠ ಇಬ್ಬರಿಗೆ ಮೇಲಿನ ಪರೀಕ್ಷೆಗಳನ್ನು ಮಾಡಲು ಕಲಿಸಿದ ಮೇಲೆಯೇ ಮಾಪಕವನ್ನು ಬಳಕೆಗೆ ತರುವುದು ಸೂಕ್ತ.